ಕಿಲೋಗೆ ಎರಡೇಟು

ನಾವು ಎರಡುಮೂಟೆ ಎಂದು ಕರೆಯುತ್ತಿದ್ದ ಗೋದಾಮಿನ ಆಳು ಮಗಳಿಗೆ ಹೊಡೆಯುತ್ತಿದ್ದದ್ದು ಸಿಟ್ಟು ಬಂದಾಗಲ್ಲ. ಸಿಟ್ಟು ಬಂದಾಗ ಹೊಡೆಯುವ ಅಪ್ಪಂದಿರು ಎಲ್ಲ ಬೀದಿಯಲ್ಲೂ ಇದ್ದಾರೆ. ಸಿಟ್ಟಿಳಿದ ಮೇಲೆ ಅವರ ಮುಖ ಸಪ್ಪಗಾಗುತ್ತದೆ, ಮಗುವಿಗೆ ಏನಾದರೂ ತಿನ್ನಲು ತಂದುಕೊಡುತ್ತಾರೆ. ಇವನದು ನಿಯಮದ ಹೊಡೆತ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೋದಾಮಿನ ಅಂಗಳದಲ್ಲಿ, ಮೂಟೆ ತೂಗುವ ತಕ್ಕಡಿಯ ಕಬ್ಬಿಣದ ತಟ್ಟೆಯ ಮೇಲೆ ಹದಿಮೂರು ವರ್ಷದ ದೊಡ್ಡ ಮಗಳನ್ನು ನಿಲ್ಲಿಸುತ್ತಿದ್ದ. ಮುಳ್ಳು ಹೋದ ವಾರಕ್ಕಿಂತ ಮುಂದೆ ನಿಂತಿದ್ದರೆ ಕಿಲೋಗೆ ಎರಡೇಟು. ಹಿಂದೆ ಬಂದಿದ್ದರೆ ಏಟಿಲ್ಲ, ಶಭಾಷ್ ಕೂಡ ಇಲ್ಲ.

ಹೊಡೆಯುತ್ತಿದ್ದದ್ದು ಹೊರೆಪಟ್ಟಿಯಿಂದ. ಮೂಟೆಯನ್ನು ಬೆನ್ನಿಗೆ ಬಿಗಿದು ಹಣೆಗೆ ಆನಿಸಿಕೊಳ್ಳುವ ದಪ್ಪ ಚರ್ಮದ ಪಟ್ಟಿ ಅದು, ಅವನ ಅಪ್ಪನದು. ಎರಡು ತಲೆಮಾರಿನ ಬೆವರು ಕುಡಿದು ಕಬ್ಬಿಣದ ಹಾಗಾಗಿತ್ತು.

ಮುಳ್ಳು ಓದುತ್ತಿದ್ದವಳು ಅವನ ಸ್ವಂತ ಅಕ್ಕ. ಗೋದಾಮಿನಲ್ಲಿ ಮೂಟೆಯ ಬಾಯಿ ಹೊಲಿಯುವವಳು. ಸದಾ ಸೆರಗಿನ ಅಂಚಿಗೆ ಗೇಣುದ್ದದ ದಬ್ಬಣ ಸಿಕ್ಕಿಸಿಕೊಂಡಿರುತ್ತಿದ್ದಳು, ಅದಕ್ಕೇ ದಬ್ಬಣದಕ್ಕ. ಹೊಲಿದ ಮೂಟೆಯನ್ನು ತೂಗಿ ತೂಕ ಕೂಗುವುದೂ ಅವಳದೇ ಕೆಲಸ. ಮೂವತ್ತು ವರ್ಷ ಕೂಗಿದ ಗಂಟಲಿಗೆ ಮೆತ್ತಗೆ ಹೇಳುವುದೇ ಗೊತ್ತಿರಲಿಲ್ಲ.

"ಎಪ್ಪತ್ತೆಂಟೂ!" ಎಂದು ಕೂಗುವಳು. ಅಂಗಳದ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೊರೆಯಾಳುಗಳು ನಗುವರು. "ಒಂದೂವರೆ ಮೂಟೆ ದಾಟಿತು ಕಣೋ, ಅಪ್ಪನ ಹೆಸರು ಉಳಿಸ್ತಾಳೆ!"

ಹುಡುಗಿ ತಟ್ಟೆಯಿಂದ ಇಳಿದು, ತಾನೇ ಗೋಡೆಗೆ ಕೈಯೂರಿ ನಿಲ್ಲುವಳು. ಓಡಿದರೆ ಏಟು ಹೆಚ್ಚು ಎಂಬುದು ಎರಡನೇ ವಾರದಲ್ಲೇ ಗೊತ್ತಾಗಿತ್ತು.

ಇವನಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಬೇರೆಯವರು ಐವತ್ತು ಕಿಲೋದ ಒಂದು ಮೂಟೆ ಹೊತ್ತು ಹಲಗೆ ಏರಿದರೆ ಇವನು ಎರಡು ಹೊತ್ತು ಏರುತ್ತಿದ್ದ. ಹಲಗೆ ಎಂದರೆ ನೆಲದಿಂದ ಮೂಟೆಗಳ ಅಟ್ಟಿಯ ತುದಿಗೆ ಓರೆಯಾಗಿ ಇಟ್ಟ ಮರದ ದಾರಿ. ಎರಡು ಅಡಿ ಅಗಲ, ಕೆಳಗೆ ಕಲ್ಲು ನೆಲ. ಇವನ ಅಪ್ಪನೂ ಎರಡು ಹೊರುತ್ತಿದ್ದ. ಅಜ್ಜ ಹಡಗುಕಟ್ಟೆಯಲ್ಲಿ ಮೂರು ಹೊತ್ತನಂತೆ. ಸತ್ತವರು ಹೊತ್ತ ಮೂಟೆಗೆ ತಕ್ಕಡಿ ಯಾರು ತರುತ್ತಾರೆ, ಇರಲಿ. ಒಟ್ಟಿನಲ್ಲಿ ಆ ಮನೆಯವರ ಮೈಯೇ ಹಾಗೆ. ಅಗಲ ಎಲುಬು, ದಪ್ಪ ಕುತ್ತಿಗೆ, ತಿಂದದ್ದರಲ್ಲಿ ಒಂದು ಅಗುಳನ್ನೂ ಪೋಲು ಮಾಡದ ಹೊಟ್ಟೆ. ಹಡಗು ಬಂದರೆ ಕೂಲಿ, ಬಾರದಿದ್ದರೆ ಮೂರು ದಿನ ಉಪವಾಸ ಎಂಬ ಕಾಲದಲ್ಲಿ ಜೊತೆಯವರು ಬಡಕಲಾಗಿ ಕೆಮ್ಮಿ ಸತ್ತರು. ಇವರ ಮನೆಯವರು ಉಳಿದರು.

ಇವನ ಬೆನ್ನು ಪಳಗಿದ್ದು ಹದಿನಾಲ್ಕಕ್ಕೆ. ಹೊಸಬನ ಬೆನ್ನು ಪಳಗಿಸಲು ಹೊರೆಯಾಳುಗಳದೇ ಒಂದು ಪದ್ಧತಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಲಗೆ ಹತ್ತಿಸುವುದು. ಮೊದಲ ದಿನ ಕಾಲು ಮೂಟೆ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಕೆಳಗೆ ಹಿರಿಯನೊಬ್ಬ ಪಟ್ಟಿ ಹಿಡಿದು ನಿಲ್ಲುತ್ತಾನೆ. "ಕೂತವನಿಗೆ ಏಟು" ಎಂಬುದೊಂದೇ ಪಾಠ. ಇವನಿಗೆ ಅಪ್ಪನೇ ಹಿರಿಯ. ತಿಂಗಳಲ್ಲಿ ಹುಡುಗನ ಬೆನ್ನು ಸುಲಿದು, ಹುಣ್ಣಾಗಿ, ಕೊನೆಗೆ ಎಮ್ಮೆ ತೊಗಲಾಯಿತು. ಮೈ ಬಂದ ದಾರಿಯಲ್ಲೇ ಪಟ್ಟಿಯೂ ಬಂತು.

ಆಗ ಅವರೆಲ್ಲ ಇದ್ದದ್ದು ಗುಡ್ಡದ ಮೇಲಿನ ಸಾಲುಮನೆಗಳಲ್ಲಿ. ಇನ್ನೂರ ಹನ್ನೆರಡು ಮೆಟ್ಟಿಲು. ನೀರು ಕೆಳಗೆ, ಶಾಲೆ ಕೆಳಗೆ, ಅಂಗಡಿ ಕೆಳಗೆ. ಎರಡುಮೂಟೆಯ ಇಬ್ಬರು ಹೆಣ್ಣುಮಕ್ಕಳೂ ದಿನಕ್ಕೆ ನಾಲ್ಕು ಸಲ ಕೊಡ ಹಿಡಿದು ಹತ್ತಿ ಇಳಿಯುತ್ತಿದ್ದರು. ದೊಡ್ಡವಳು ಅಪ್ಪನ ಅಚ್ಚು. ಹುಟ್ಟುವಾಗಲೇ ಸೂಲಗಿತ್ತಿ, "ಇದು ಮಗುವಲ್ಲಮ್ಮ, ಮೂಟೆ" ಎಂದಿದ್ದಳಂತೆ. ಆದರೆ ಗುಡ್ಡದ ಮೇಲೆ ಅವಳು ದಪ್ಪ ಹುಡುಗಿಯಲ್ಲ, ಗಟ್ಟಿ ಹುಡುಗಿ. ಎರಡು ಕೊಡ ತರುವವಳು. ಚಿಕ್ಕವಳು ತಾಯಿಯ ಕಡೆ. ಆ ತಾಯಿಯ ತವರಿನಲ್ಲಿ ಒಬ್ಬರ ಮೈಮೇಲೂ ಹಿಡಿ ಮಾಂಸವಿಲ್ಲ, ಎಲ್ಲ ಕೊಡೆಕಡ್ಡಿಗಳೇ.

ಹಾಗಿರುವಾಗ ಗೋದಾಮಿಗೆ ಬೆಲ್ಟು ಬಂತು. ಮೂಟೆಯನ್ನು ಕೆಳಗಿಟ್ಟರೆ ತಾನೇ ಮೇಲೇರುವ ಯಂತ್ರ. ನೂರ ನಲವತ್ತು ಬೆನ್ನುಗಳ ಕೆಲಸವನ್ನು ಹನ್ನೊಂದು ಜನ ಮಾಡಬಹುದು. ನಾವು ಹೊರೆಯಾಳುಗಳು ಮುಷ್ಕರ ಹೂಡಿದೆವು. ನಲವತ್ತೊಂದು ದಿನ ಗೇಟಿನ ಮುಂದೆ ಕೂತೆವು. ನಲವತ್ತೆರಡನೇ ದಿನ ಮಾಲೀಕರು ಎರಡು ಲಾರಿ ತುಂಬ ಬಾಡಿಗೆ ಜನರನ್ನು ತಂದರು. ಕೈಯಲ್ಲಿ ಸೈಕಲ್ ಚೈನು, ಕಬ್ಬಿಣದ ಸಲಾಕೆ. ಎರಡುಮೂಟೆ ಮೊದಲನೆಯವನನ್ನು ಸೊಂಟ ಹಿಡಿದು ಎತ್ತಿ ಲಾರಿಯೊಳಕ್ಕೇ ವಾಪಸ್ ಎಸೆದ. ಆ ಮನುಷ್ಯನ ಕತ್ತಿನ ಮೂಳೆ ಮುರಿದ ಸದ್ದು ಗೇಟಿನ ಈಚೆಗೂ ಕೇಳಿಸಿತು. ಎರಡನೆಯವನ ದವಡೆ ಹೋಯಿತು. ಮೂರನೆಯವನು ಹಿಂದಿನಿಂದ ಬಂದು ಇವನ ಮಂಡಿಗೆ ಸಲಾಕೆ ಬೀಸಿದ. ಆಮೇಲೆ ಪೊಲೀಸರು ಬಂದರು, ಬಿದ್ದವರನ್ನೇ ಹೊಡೆದರು. ನಮ್ಮವರಿಬ್ಬರು ಅಲ್ಲೇ ಸತ್ತರು. ಸೋತೆವು. ಸೋತದ್ದನ್ನು ಸೋತೆವು ಎಂದೇ ಹೇಳಬೇಕು.

ರಾಜಿಯಲ್ಲಿ ಹಳಬರಿಗೆ ಕೂರುವ ಕೆಲಸ ಸಿಕ್ಕಿತು. ಎರಡುಮೂಟೆ ಬೆಲ್ಟಿನ ಪಕ್ಕ ಕಬ್ಬಿಣದ ಕುರ್ಚಿಯಲ್ಲಿ ಕೂತ. ಹಸಿರು ಗುಂಡಿ ಒತ್ತಿದರೆ ಬೆಲ್ಟು ಓಡುತ್ತಿತ್ತು, ಕೆಂಪು ಒತ್ತಿದರೆ ನಿಲ್ಲುತ್ತಿತ್ತು. ಗುಡ್ಡದ ಸಾಲುಮನೆಗಳನ್ನು ಖಾಲಿ ಮಾಡಿಸಿ, ಹೆದ್ದಾರಿಯ ಪಕ್ಕ ಕಟ್ಟಿದ ಕೋಣೆಗಳಿಗೆ ಎಲ್ಲರನ್ನೂ ಸಾಗಿಸಿದರು. ಒಳಗೇ ನಲ್ಲಿ. ಬಾಗಿಲಿಗೇ ಶಾಲೆಯ ಬಸ್ಸು. ಮೊದಲ ವರ್ಷವೇ ಪಕ್ಕದ ಮನೆಯ ಮಗು ಲಾರಿ ಚಕ್ರಕ್ಕೆ ಸಿಕ್ಕಿ, ಗುರುತು ಹಿಡಿಯಲು ಚಪ್ಪಲಿ ಮಾತ್ರ ಉಳಿಯಿತು. ಅಂದಿನಿಂದ ತಾಯಂದಿರು ಮಕ್ಕಳನ್ನು ಒಳಗೆ ಕೂಡಿ ಚಿಲಕ ಹಾಕಿದರು. ಒಳಗೆ ಟೀವಿ ಇತ್ತು. ಕೋಣೆಸಾಲಿನ ಕೊನೆಗೆ ಒಂದು ಪೆಟ್ಟಿಗೆ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಕರಿದ ಪೊಟ್ಟಣ, ಸಿಹಿ ಬನ್ನು, ಬಣ್ಣದ ಸಿಹಿನೀರು. ಹಣ್ಣು ಬೇಕೆಂದರೆ ಹೆದ್ದಾರಿ ದಾಟಬೇಕು. ದಾಟಲು ಯಾರಿಗೆ ಎಂಟೆದೆ?

ಎರಡುಮೂಟೆಯ ಊಟ ಮಾತ್ರ ಎರಡು ಮೂಟೆ ಹೊರುವವನ ಊಟವೇ ಆಗಿ ಉಳಿಯಿತು. ಅವನು ಉಬ್ಬಿದ. ಗಂಡಸು ಉಬ್ಬಿದರೆ ಗತ್ತು ಅನ್ನುತ್ತಾರೆ, ಯಾರೂ ಮಾತಾಡಲಿಲ್ಲ. ದೊಡ್ಡವಳೂ ಉಬ್ಬಿದಳು. ಎರಡು ವರ್ಷದಲ್ಲಿ ಗಟ್ಟಿ ಹುಡುಗಿ ದಪ್ಪ ಹುಡುಗಿಯಾದಳು, ಕತ್ತಿನ ಹಿಂದೆ ಕಪ್ಪಗೆ ಮಸಿ ಕಟ್ಟಿತು, ನಾಲ್ಕು ಹೆಜ್ಜೆಗೆ ಏದುಸಿರು. ಶಾಲೆಯಲ್ಲಿ ಬೆಂಚಿನ ಜಾಗಕ್ಕೆ ಅವಳನ್ನು ತಳ್ಳಿ ಕೆಡವುತ್ತಿದ್ದರು. ಒಮ್ಮೆ ಅವಳೂ ತಿರುಗಿ ಒಬ್ಬಳ ಹಲ್ಲು ಉದುರಿಸಿ ಬಂದಳು. ಚಿಕ್ಕವಳು ಅದೇ ತಟ್ಟೆಯಲ್ಲಿ, ಅದೇ ಬನ್ನು ತಿಂದು ಬೆಂಕಿಕಡ್ಡಿಯಾಗೇ ಇದ್ದಳು.

ಎರಡುಮೂಟೆಯ ತಲೆಗೆ ಇದೇ ಹತ್ತಿದ್ದು. "ಒಂದೇ ಮನೆ, ಒಂದೇ ಊಟ. ಒಬ್ಬಳು ಕಡ್ಡಿ, ಒಬ್ಬಳು ಗುಡಾಣ ಅಂದ್ರೆ ಏನರ್ಥ? ಇವಳು ಕದ್ದು ತಿಂತಾಳೆ."

ಬ್ರೆಡ್ಡಿನ ಡಬ್ಬಕ್ಕೆ ಬೀಗ ಬಿತ್ತು. ಒಂದು ದಿನ ಬೀಗವಿದ್ದ ಹಾಗೇ ಡಬ್ಬದ ತಳ ಬಗ್ಗಿಸಿ ಯಾರೋ ಅರ್ಧ ಬ್ರೆಡ್ಡು ಎಳೆದಿದ್ದರು. ಅಪ್ಪ ಕೇಳಲೂ ಇಲ್ಲ. ದೊಡ್ಡವಳ ತಲೆಯನ್ನು ಡಬ್ಬಕ್ಕೇ ಅಪ್ಪಳಿಸಿದ. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಬಿಡಿಸಲು ಬಂದ ಹೆಂಡತಿಯ ಕೈಬೆರಳು ಬಾಗಿಲಿಗೆ ಸಿಕ್ಕಿ ಉಗುರು ಕಿತ್ತುಬಂತು. ಆಗ ಮೂಲೆಯಿಂದ ಚಿಕ್ಕವಳು ಅಳುತ್ತಾ ಹೇಳಿದಳು, "ಅಪ್ಪಾ, ತಿಂದಿದ್ದು ನಾನು."

ಅವನು ಅವಳ ಮುಖ ನೋಡಿದ, ಎದ್ದು ಕಾಣುವ ಪಕ್ಕೆಲುಬು ನೋಡಿದ. "ಅಕ್ಕನ್ನ ಉಳಿಸೋಕೆ ಸುಳ್ಳು ಬೇರೆ ಹೇಳ್ತೀಯಾ?" ಎಂದು ಅವಳಿಗೂ ಒಂದು ಬಿಟ್ಟ. ಕದ್ದದ್ದು ಮೈಮೇಲೆ ಕಾಣಬೇಕು ಎಂಬುದು ಅವನ ನ್ಯಾಯ. ದೊಡ್ಡವಳು ಕದ್ದು ತಿನ್ನುತ್ತಲೇ ಇರಲಿಲ್ಲ ಅಂತಲ್ಲ. ತಿನ್ನುತ್ತಿದ್ದಳು, ಅದೂ ಭಾನುವಾರ ಏಟು ತಿಂದ ಮೇಲೆ. ಕಕ್ಕಸಿನಲ್ಲಿ ಕೂತು, ಬಾಯಿಗೆ ಬನ್ನು ತುರುಕಿಕೊಂಡು, ಅಳು ಹೊರಗೆ ಕೇಳಿಸದ ಹಾಗೆ.

ಹನ್ನೊಂದು ಭಾನುವಾರ ಕಳೆಯಿತು. ಮುಳ್ಳು ಎಂಬತ್ತಮೂರಕ್ಕೆ ಬಂತು. ಆಗ ಅವನಿಗೆ ಹೊರೆಯಾಳಿಗೆ ಮಾತ್ರ ಹೊಳೆಯುವ ಉಪಾಯ ಹೊಳೆಯಿತು. "ಇವಳ ಬೆನ್ನು ಪಳಗಿಸ್ತೀನಿ," ಎಂದ.

"ಲೋ, ಹೆಣ್ಣು ಕಣೋ," ಎಂದಳು ದಬ್ಬಣದಕ್ಕ.

"ನನ್ನ ಮೈ ಹೇಗಾಯ್ತು? ಅಪ್ಪ ಹೊರಿಸಿದ್ದಕ್ಕೇ ಆಯ್ತು. ಹೊತ್ತರೆ ಕರಗುತ್ತೆ."

"ನಿಂಗೆ ಹೊರಿಸಿದ್ದು ಮೊದಲ ದಿನ ಕಾಲು ಮೂಟೆ."

"ಇವಳು ಆಗ್ಲೇ ಒಂದೂವರೆ ಮೂಟೆ ಹೊತ್ಕೊಂಡೇ ಓಡಾಡ್ತಿದಾಳಲ್ಲ, ಇನ್ನರ್ಧ ಹೆಚ್ಚೇ?"

ಅಂಗಳ ನಕ್ಕಿತು. ಅಕ್ಕನೂ ನಕ್ಕಳು. ಆ ನಗುವನ್ನು ನೆನೆದು ಅವಳು ಆಮೇಲೆ ತುಂಬಾ ದಿನ ಉಗುಳುತ್ತಿದ್ದಳು.

ಹಳೇ ಹಲಗೆಯನ್ನು ಮೂಲೆಯಿಂದ ಎಳೆದು ಅಟ್ಟಿಗೆ ಆನಿಸಿದ. ವರ್ಷಗಟ್ಟಲೆ ಯಾರೂ ಕಾಲಿಟ್ಟಿರಲಿಲ್ಲ. ಹುಡುಗಿಗೆ ಹಿಂದಿನ ರಾತ್ರಿಯಿಂದ ಊಟವಿಲ್ಲ. ಅರ್ಧ ಮೂಟೆಯನ್ನು ಬೆನ್ನಿಗೆ ಕಟ್ಟಿದ. ಮೊದಲ ಸಲ ಹತ್ತಿಳಿದಳು. ಎರಡನೇ ಸಲ ಹತ್ತಿಳಿದಳು. ಮೂರನೇ ಸಲ ನಡುದಾರಿಯಲ್ಲಿ ಕೂತಳು. ಕೆಳಗಿನಿಂದ ಪಟ್ಟಿ ಅವಳ ಮೀನಖಂಡಕ್ಕೆ ಸುತ್ತಿ ಬಿತ್ತು.

"ಕೂತವನಿಗೆ ಏಟು! ಏಳು!"

ಎದ್ದಳು. ನಾಲ್ಕು ಹೆಜ್ಜೆ ಇಟ್ಟಳು. "ಅಪ್ಪಾ, ಕಣ್ಣು ಕತ್ತಲೆ ಬರ್ತಿದೆ," ಎಂದಳು. "ಕತ್ತಲೆ ಬಂದ್ರೆ ಕಣ್ಣು ಮುಚ್ಕೊಂಡು ಹತ್ತು," ಎಂದ ಇವನು. ಇನ್ನೊಂದು ಏಟು ಬೀಳುವಷ್ಟರಲ್ಲಿ ಅವಳು ಪಕ್ಕಕ್ಕೆ ವಾಲಿದಳು. ಒಂಬತ್ತಡಿ ಎತ್ತರದಿಂದ ಮೈ ಮೊದಲು ಬಿತ್ತು, ಮೈಯಡಿಗೆ ಕೈ ಸಿಕ್ಕಿಕೊಂಡಿತ್ತು, ಅದರ ಮೇಲೆ ಮೂಟೆ. ಮೊಣಕೈಯ ಕೆಳಗೆ ಮೂಳೆ ಚರ್ಮ ಹರಿದು ಬಿಳಿಯಾಗಿ ಹೊರಬಂತು. ಮೂಟೆಯ ಹೊಲಿಗೆ ಬಿಚ್ಚಿ ಕಾಳು ಹರಿದು, ರಕ್ತದ ಮೇಲೆ ಕಾಳು ಕೂತು ಕೆಂಪಾಯಿತು. ಅವಳು ಕಿರುಚಲಿಲ್ಲ. ಕಿರುಚಿದವಳು ದಬ್ಬಣದಕ್ಕ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಗೆ ಕಂಬಿ ಹಾಕಿ ಪಟ್ಟು ಕಟ್ಟಿದಳು. ರಕ್ತ ಪರೀಕ್ಷೆ ಮಾಡಿಸಿದಳು. ಕಾಲ ಮೇಲಿನ ಬಾಸುಂಡೆ ನೋಡಿದಳು, ಕತ್ತಿನ ಕಪ್ಪು ನೋಡಿದಳು, ದಬ್ಬಣದಕ್ಕನಿಂದ ಮನೆಯ ಕತೆಯೆಲ್ಲ ಕೇಳಿ ತಿಳಿದಳು. ಆಮೇಲೆ ಎರಡುಮೂಟೆಯನ್ನು ಕರೆದು, ಮಾತಾಡುವ ಮೊದಲೇ ಅವನ ಬೆರಳಿಗೂ ಸೂಜಿ ಚುಚ್ಚಿದಳು.

"ಏನು ಕೆಲಸ ನಿಮ್ದು?"

"ಗೋದಾಮು. ಮೊದ್ಲು ಹೊರ್ತಿದ್ದೆ, ಈಗ ಗುಂಡಿ ಒತ್ತೀನಿ."

"ಮಗಳ ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ. ನಿಮ್ದು ಅಂಚು ದಾಟಿ ಬಹಳ ದಿನ ಆಗಿದೆ. ಇವಳ ಮೈ ಯಾರದು ಗೊತ್ತಾ? ನಿಮ್ದು. ತಿಂದಿದ್ದನ್ನ ಬಿಗಿಯಾಗಿ ಕೂಡಿಡೋ ಮೈ. ಗೋದಾಮಿನ ಥರ."

"ಹಾಗಾದ್ರೆ ನನ್ನ ಚಿಕ್ಕ ಮಗಳು? ಅವಳೂ ನನ್ನ ಮಗಳೇ. ಅದೇ ತಿಂತಾಳೆ."

"ಅವಳ ಪಾಲಿಗೆ ತಾಯಿ ಕಡೇದು ಬಂದಿದೆ. ಅದು ನಿಲ್ಲಿಸಿಕೊಳ್ಳದ ಗೋದಾಮು. ಇವೆಲ್ಲ ಒಂದೇ ಒಂದು ಗುಣದಿಂದ ಬರಲ್ಲ, ನೂರಾರು ಸಣ್ಣ ಸಣ್ಣ ಗುಣ ಸೇರಿ ಬರೋದು. ಮಕ್ಕಳಿಗೆ ಹಂಚಿಕೆ ಒಂದೇ ಥರ ಇರಲ್ಲ."

"ಅಂದ್ರೆ ಹಣೇಬರಹ ಅಂತೀರಾ?"

"ಅಲ್ಲ. ಹಣೇಬರಹ ಆಗಿದ್ರೆ ಮೆಟ್ಟಿಲು ಹತ್ತುತ್ತಿದ್ದಾಗಲೇ ಇವಳು ಹೀಗಿರಬೇಕಿತ್ತು. ಆ ರಸ್ತೆ, ಆ ಬನ್ನು, ಆ ಟೀವಿ ಇಷ್ಟರಿಂದಲೇ ಆಗೋ ಹಾಗಿದ್ರೆ ಚಿಕ್ಕವಳೂ ಹೀಗಾಗಬೇಕಿತ್ತು. ಎರಡೂ ಸೇರಿದ್ದಕ್ಕೆ ಹೀಗಾಯ್ತು. ನಿಮ್ಮ ಗೋದಾಮಿನಿಂದ ಮೂಟೆ ಹೊರಗೆ ಹೋಗೋದು ನಿಂತು, ಒಳಗೆ ಬರೋದು ನಡೀತಾನೇ ಇದ್ರೆ ಏನಾಗುತ್ತೆ?"

"ತುಂಬುತ್ತೆ."

"ತುಂಬಿದ್ದಕ್ಕೆ ಗೋಡೆಗೆ ಹೊಡೀತೀರಾ? ಹೊಡೆದಷ್ಟೂ ಆ ಮಗು ಹೆದರಿ ಕದ್ದು ತಿನ್ನುತ್ತೆ. ಉಪವಾಸ ಹಾಕಿ ಹಲಗೆ ಹತ್ತಿಸಿದ್ರಂತೆ. ಎತ್ತಿಗೂ ಹಾಗೆ ಮಾಡಲ್ಲ."

ಇವನು ಎದ್ದ. "ನನ್ನ ವಂಶಕ್ಕೆ ಹೆಸರಿಡ್ತೀಯಾ? ಎರಡು ಮೂಟೆ ಹೊತ್ತ ಮೈ ಕಣೇ ಇದು!" ಎಂದು ಸ್ಟೂಲಿಗೆ ಒದ್ದ. ಸ್ಟೂಲು ಹೋಗಿ ಔಷಧಿ ಬೀರುವಿನ ಗಾಜು ಒಡೆಯಿತು. ಆಸ್ಪತ್ರೆಯ ಆಳುಗಳು ನಾಲ್ಕು ಜನ ಹಿಡಿದು ಹೊರಗೆ ತಳ್ಳಿದರು. ಅಷ್ಟಕ್ಕೇ ಅವನು ಏದುಸಿರು ಬಿಡುತ್ತಾ, ಗೇಟಿನ ಕಂಬ ಹಿಡಿದು ನಿಂತಿದ್ದ. ಒಂದು ಕಾಲಕ್ಕೆ ನಾಲ್ವರನ್ನೂ ಎಸೆಯುತ್ತಿದ್ದ.

ಡಾಕ್ಟರಮ್ಮ ಹೇಳಿದ್ದೆಲ್ಲವನ್ನೂ ದೊಡ್ಡವಳು ಮಂಚದ ಮೇಲೆ ಮಲಗಿ ಕೇಳಿಸಿಕೊಂಡಿದ್ದಳು. ದಬ್ಬಣದಕ್ಕನೂ ಕೇಳಿಸಿಕೊಂಡಿದ್ದಳು.

ಪಟ್ಟು ಬಿಚ್ಚುವವರೆಗೆ ಏಳು ಭಾನುವಾರ ತೂಕವಿಲ್ಲ. ಎಂಟನೇ ಭಾನುವಾರ ಅವನು ಪಟ್ಟಿ ಹೆಗಲಿಗೆ ಹಾಕಿಕೊಂಡು, ಹುಡುಗಿಯ ಜಡೆ ಹಿಡಿದು ಅಂಗಳಕ್ಕೆ ಎಳೆತಂದ. ನಲ್ಲಿಯ ಹತ್ತಿರ ಹದಿನೈದು ಜನ ಇದ್ದರು.

"ಹತ್ತು ತಟ್ಟೆ."

ಹತ್ತಲಿಲ್ಲ. ಅವನು ಪಟ್ಟಿ ತೆಗೆದು ಕೈ ಎತ್ತಿದ. ಅವಳು ಬಲಗೈಯಿಂದ, ಅಂದರೆ ಮುರಿಯದ ಕೈಯಿಂದ, ಅವನ ಮಣಿಕಟ್ಟು ಹಿಡಿದಳು. ಅವನು ಜಗ್ಗಿದ. ಬರಲಿಲ್ಲ. ಮಂಡಿ ಊರಿ ಮತ್ತೆ ಜಗ್ಗಿದ. ಅವನ ಅಪ್ಪ ಹಿಡಿದರೆ ಹೀಗೇ ಇರುತ್ತಿತ್ತು, ಎಲುಬು ಎಲುಬಿಗೆ ತಾಗುವ ಹಾಗೆ. ಎರಡು ಮೂಟೆಯ ಹಿಡಿತ. ಅವನ ಮುಖದ ಬಣ್ಣ ಇಳಿಯಿತು.

"ಬಿಡೇ. ನೋಯುತ್ತೆ."

"ಮೊದ್ಲು ನೀನು ಹತ್ತು."

"ಏನಂದೆ?"

"ನನ್ನ ಮೈ ನಿಂದಂತೆ. ಮೊದ್ಲು ನಿನ್ನ ತೂಗಲಿ."

ಅವನು ಅಕ್ಕನ ಕಡೆ ತಿರುಗಿದ. ಅಕ್ಕ ದಬ್ಬಣವನ್ನು ಸೆರಗಿನಿಂದ ಕಿತ್ತು ಕೈಯಲ್ಲಿ ಹಿಡಿದು ಎದ್ದು ಬಂದಿದ್ದಳು. "ಹತ್ತೋ," ಎಂದಳು. "ಇಷ್ಟು ವಾರ ಆ ಮಗುವಿನ ತೂಕ ಕೂಗಿದ ಬಾಯಿ ಇದು. ನಾನೂ ನಿನ್ನ ಮೈಯವಳೇ, ಒಂದು ದಿನ ಯಾರಾದ್ರೂ ನನ್ನ ತಟ್ಟೆ ಮೇಲೆ ನಿಲ್ಲಿಸಿದ್ರಾ? ಹತ್ತು. ಇಲ್ಲಾಂದ್ರೆ ನಿನ್ನ ಮೂಟೆಯ ಬಾಯಿ ನಾನು ಹೊಲೀತೀನಿ."

ಹತ್ತಿದ. ಕಬ್ಬಿಣದ ತಟ್ಟೆ ಕಿರ್ರೆಂದಿತು. ಮುಳ್ಳು ಓಡಿತು, ಹಿಂದೆ ಮುಂದೆ ತೂಗಿ ನಿಂತಿತು. ಅಕ್ಕ ತನ್ನ ಕಸುಬಿನ ಗಂಟಲಿನಲ್ಲಿ, ಹೆದ್ದಾರಿಯ ಆಚೆಗೂ ಕೇಳುವ ಹಾಗೆ ಕೂಗಿದಳು:

"ನೂರಾ ಇಪ್ಪತ್ತೊಂದೂ!"

ಆಮೇಲೆ ಯಾರೋ ಒಬ್ಬ ಅಭ್ಯಾಸ ತಪ್ಪದೆ, "ಇನ್ನು ಎರಡುಮೂಟೆ ಅನ್ನಬೇಡ್ರೋ, ಎರಡೂವರೆ ಮೂಟೆ ಅನ್ನಿ!" ಎಂದ. ನಗು ಎದ್ದಿತು. ತಟ್ಟೆಯ ಮೇಲೆ ನಿಂತವನಿಗೆ ಆ ನಗು ಹೇಗೆ ಕೇಳಿಸುತ್ತದೆ ಎಂಬುದು ಅವನಿಗೆ ಮೊದಲ ಸಲ ಗೊತ್ತಾಯಿತು. ಇಳಿಯಲು ಕಾಲೆತ್ತಿದ.

"ಇಳೀಬೇಡ," ಎಂದಳು ದೊಡ್ಡವಳು. ಪಟ್ಟಿ ಈಗ ಅವಳ ಕೈಯಲ್ಲಿತ್ತು. "ಗುಡ್ಡದ ಮೇಲಿದ್ದಾಗ ಎಷ್ಟಿತ್ತು ನಿನ್ನ ತೂಕ?"

ಹೇಳಿದವಳು ಅಕ್ಕ. "ಎಂಬತ್ತಾರು. ಮುಷ್ಕರದ ಹಿಂದಿನ ವಾರ ತಮಾಷೆಗೆ ನಾನೇ ತೂಗಿದ್ದೆ."

"ಮೂವತ್ತೈದು ಕಿಲೋ," ಎಂದಳು ಹುಡುಗಿ. "ಎಪ್ಪತ್ತೇಟು."

ಯಾರೂ ನಗಲಿಲ್ಲ. ಅವಳು ಪಟ್ಟಿಯನ್ನು ತಲೆಯ ಹಿಂದಕ್ಕೆ ತೆಗೆದುಕೊಂಡು ಹೋಗಿ ಬೀಸಿದಳು. ಅವನ ಎರಡು ತೊಡೆಗೂ ಅಡ್ಡಲಾಗಿ ಬಿತ್ತು. ಚಡ್ಡಿಯ ಬಟ್ಟೆ ಸೀಳಿ ಚರ್ಮ ಒಡೆಯಿತು. ಸಲಾಕೆಯ ಏಟಿಗೂ ಕೂಗದಿದ್ದ ಮನುಷ್ಯ "ಅವ್ವಾ" ಎಂದು ಕೂಗಿ, ತಟ್ಟೆಯಿಂದ ಮಂಡಿಯ ಮೇಲೆ ಕುಸಿದ. ಮುಳ್ಳು ಸೊನ್ನೆಗೆ ಬಂತು.

ಅವಳು ಇನ್ನೊಮ್ಮೆ ಕೈ ಎತ್ತಲಿಲ್ಲ. "ಉಳಿದ ಅರವತ್ತೊಂಬತ್ತು ನನಗೆ ಬೇಡ. ನನಗೂ ಬೇಡ, ನಿನಗೂ ಬೇಡ," ಎಂದು ಪಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟಳು. ದಬ್ಬಣದಕ್ಕ ಅದನ್ನು ಚೀಲ ಕತ್ತರಿಸುವ ಚೂರಿಯಿಂದ ಗೇಣುಗೇಣು ಕತ್ತರಿಸಿದಳು. ಹಳೇ ಚರ್ಮ, ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ನೆಲದ ಮೇಲೆ ಕೂತು ನೋಡುತ್ತಿದ್ದ.

ಆಮೇಲೆ ಅವನು ಒಳ್ಳೆಯವನಾದ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ಅದೇ ಬಾಯಿ, ಬೈಗುಳ ಅದೇ ಬೈಗುಳ. ಕೈ ಮಾತ್ರ ಮತ್ತೆ ಏಳಲಿಲ್ಲ. ಡಬ್ಬದ ಬೀಗ ಹೋಯಿತು. ಆಸ್ಪತ್ರೆಯ ಗುಳಿಗೆ ಅಪ್ಪ ಮಗಳು ಇಬ್ಬರಿಗೂ ಬಂತು. ಹೆದ್ದಾರಿ ದಾಟಲು ಮೇಲುಸೇತುವೆ ಬೇಕೆಂದು ಕೋಣೆಸಾಲಿನ ಹೆಂಗಸರು ಲಾರಿಗಳ ಮುಂದೆ ಅಡ್ಡ ಮಲಗಿದರು. ಹನ್ನೆರಡು ಜನಕ್ಕೆ ಲಾಠಿ ಬಿತ್ತು, ಎರಡುಮೂಟೆಯ ಹೆಂಡತಿಗೂ ಸೇರಿ. ಸೇತುವೆ ಬಂತು. ಇದೊಂದನ್ನು ನಾವು ಗೆದ್ದೆವು.

ಸೇತುವೆಯ ಆಚೆ ಹಳೇ ಗುಡ್ಡ. ಸಾಲುಮನೆಗಳು ಬಿದ್ದುಹೋಗಿವೆ, ಮೆಟ್ಟಿಲು ಇವೆ. ದೊಡ್ಡವಳು ಶಾಲೆ ಬಿಟ್ಟ ಮೇಲೆ ಹತ್ತುತ್ತಾಳೆ. ವರ್ಷವಾದರೂ ಮುಳ್ಳು ಎಂಬತ್ತರ ಆಸುಪಾಸಿನಲ್ಲೇ ಇದೆ, ಅವಳೇನು ಕಡ್ಡಿಯಾಗಿಲ್ಲ, ಆಗುವವಳೂ ಅಲ್ಲ. ಉದ್ದ ನಾಲ್ಕು ಬೆರಳು ಬೆಳೆದಿದ್ದಾಳೆ, ಕತ್ತಿನ ಕಪ್ಪು ತಿಳಿಯಾಗಿದೆ, ಏದುಸಿರು ಬಿಟ್ಟಿದೆ. ಮುರಿದ ಕೈ ಮಾತ್ರ ಪೂರ್ತಿ ನೇರವಾಗುವುದಿಲ್ಲ.

ಅಪ್ಪನೂ ಹೋಗುತ್ತಾನೆ, ಪಾಳಿ ಮುಗಿದ ಮೇಲೆ, ಸಲಾಕೆ ತಿಂದ ಮಂಡಿ ಹಿಡಿದುಕೊಂಡು. ಅರವತ್ತನೇ ಮೆಟ್ಟಿಲಿಗೆ ಕೂರುತ್ತಾನೆ. ಮೊದಲು ನಲವತ್ತಕ್ಕೇ ಕೂರುತ್ತಿದ್ದ. ಅವಳು ಮೇಲಿನಿಂದ ಇಣುಕಿ ಕೂಗುತ್ತಾಳೆ, ಅತ್ತೆಯ ಗಂಟಲೇ ಅದೂ:

"ಅಪ್ಪೋ, ಕೂತವನಿಗೆ ಏಟು!"

"ನಿನ್ನ ನಾಲಿಗೆ ಸೇದುಹೋಗ," ಎಂದು ಬೈಯುತ್ತಾ ಏಳುತ್ತಾನೆ.